ಮಕ್ಕಳೇ ಕಟ್ಟಿದ ನಾಟಕ

ನಾಟಕ ಅಂದರೆ ನಮಗೆಲ್ಲ ಇಷ್ಟ. ಜಾತ್ರೆಗೆ ನಾಟಕ ಬೇಕು. ಹಬ್ಬಕ್ಕೆ ನಾಟಕ ಬೇಕು. 'ಕುರುಕ್ಷೇತ್ರ' ಆಡಿದರೆ ಬೆಳಗಿನ ಜಾವದವರೆಗೆ ಕೂತು ನೋಡ್ತೀವಿ. ಭೀಮ ಗದೆ ಎತ್ತಿದರೆ ಶಿಳ್ಳೆ ಹೊಡೀತೀವಿ.

ಆದರೆ ಆ ನಾಟಕ ದೊಡ್ಡವರದು. ಅದಕ್ಕೆ ಹಾರ್ಮೋನಿಯಂ ಮೇಷ್ಟ್ರು ಬೇಕು. ಬಾಡಿಗೆ ಡ್ರೆಸ್ಸು, ಸೀನರಿ ಬೇಕು. ಕೈತುಂಬ ದುಡ್ಡು ಬೇಕು. ಮಕ್ಕಳು ಮುಂದಿನ ಸಾಲಿನಲ್ಲಿ ಕೂರ್ತಾರೆ. ಸ್ವಲ್ಪ ಹೊತ್ತಿಗೆ ಅಲ್ಲೇ ನಿದ್ದೆ ಹೋಗ್ತಾರೆ.

ಮಕ್ಕಳೇ ನಾಟಕ ಕಟ್ಟಿದರೆ ಹೇಗೆ? ಅವರೇ ಬರೆದು ಅವರೇ ಆಡಿದರೆ ಹೇಗೆ?

ನಮ್ಮದು ಚಿತ್ರದುರ್ಗದ ಕಡೆಯ ಒಂದು ಸಣ್ಣ ಊರು. ಕಡಲೆಕಾಯಿ ಬೆಳೆಯೋ ಸೀಮೆ. ನಮ್ಮ ಕಲಿಕಾ ಕೇಂದ್ರದಲ್ಲಿ ಓದು ಬರಹ ಕಲಿತ ಹೆಂಗಸರು, ಗಂಡಸರು ಇದ್ದೇವೆ. ನಾವು ಹತ್ತು ಸಂಜೆ ಮಕ್ಕಳ ಜೊತೆ ಕೂತು ಒಂದು ನಾಟಕ ಮಾಡಿದೆವು. ಹೇಗೆ ಮಾಡಿದೆವು? ಎಲ್ಲಿ ಎಡವಿದೆವು? ನಿಮಗೆ ಹೇಳ್ತೀವಿ, ಕೇಳಿ.

ಮಕ್ಕಳ ನಾಟಕ ಹೊಸದಲ್ಲ

ಕನ್ನಡದಲ್ಲಿ ಮಕ್ಕಳ ನಾಟಕಗಳು ಬೇಕಾದಷ್ಟಿವೆ. ಕುವೆಂಪು ಅವರು ಮಕ್ಕಳಿಗಾಗಿ 'ನನ್ನ ಗೋಪಾಲ' ಬರೆದರು. ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಒಂದು ಪದ್ಯ. ಅದನ್ನೂ ಮಕ್ಕಳು ನಾಟಕವಾಗಿ ಆಡುತ್ತಾರೆ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾಯಿತು. ಬಿ.ವಿ. ಕಾರಂತರು ಅದರ ಮೊದಲ ನಿರ್ದೇಶಕರು. ಅಲ್ಲಿ ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ 'ಚಿಣ್ಣರ ಮೇಳ' ನಡೆಸುತ್ತಾರೆ.

ಕಾರಂತರ ಒಂದು ಮಕ್ಕಳ ನಾಟಕದ ಹೆಸರು 'ಪಂಜರ ಶಾಲೆ'. ಅದು ರವೀಂದ್ರನಾಥ ಟಾಗೋರರು ಬರೆದ ಒಂದು ಗಿಳಿಯ ಕಥೆಯಿಂದ ಬಂದದ್ದು. ಆ ಕಥೆಯಲ್ಲಿ ಒಬ್ಬ ರಾಜ. ಗಿಳಿಗೆ ವಿದ್ಯೆ ಕಲಿಸಿ ಅಂತ ಹುಕುಂ ಮಾಡ್ತಾನೆ. ಪಂಡಿತರು ಬರ್ತಾರೆ. ಚಿನ್ನದ ಪಂಜರ ಮಾಡಿಸ್ತಾರೆ. ಪುಸ್ತಕದ ಹಾಳೆಗಳನ್ನು ಗಿಳಿಯ ಬಾಯಿಗೆ ತುರುಕ್ತಾರೆ. ಹಾಡು ನಿಲ್ಲುತ್ತೆ. ಹಾರಾಟ ನಿಲ್ಲುತ್ತೆ. ಕೊನೆಗೆ ಗಿಳಿ ಸತ್ತೇ ಹೋಗುತ್ತೆ.

ನಾವು ಮಕ್ಕಳಿಗೆ ನಾಟಕ ಕಲಿಸುವಾಗಲೂ ಇದೇ ತಪ್ಪು ಮಾಡಬಹುದು. ನಾವು ಬರೆದ ಮಾತನ್ನು ಅವರ ಬಾಯಿಗೆ ತುರುಕಿದರೆ ಅದು ಗಿಳಿಪಾಠ. ಅವರ ಮಾತು ಅವರ ಬಾಯಿಂದಲೇ ಬರಬೇಕು.

ಮೊದಲು ಆಟ, ಆಮೇಲೆ ಕಥೆ

ಮೊದಲ ದಿನ ನಾಟಕದ ಮಾತೇ ಎತ್ತಬೇಡಿ. ಆಟ ಆಡಿಸಿ. ಎಲ್ಲರೂ ಸುತ್ತ ನಿಲ್ಲಲಿ. ಒಬ್ಬರು ಮಾತಾಡದೆ ಏನಾದರೂ ಕೆಲಸ ಮಾಡಿ ತೋರಿಸಲಿ. ಬಾವಿಯಿಂದ ನೀರು ಸೇದೋದು, ರೊಟ್ಟಿ ತಟ್ಟೋದು, ಬಸ್ಸು ಹತ್ತೋದು. ಉಳಿದವರು ಅದೇನು ಅಂತ ಹೇಳಲಿ. ನಾಚಿಕೆ ಇರೋ ಮಕ್ಕಳೂ ಎರಡು ದಿನದಲ್ಲಿ ಮುಂದೆ ಬರ್ತಾರೆ.

ಮೂರನೇ ದಿನ ಕಥೆ ಕೇಳಿದೆವು. ಮಕ್ಕಳು ಸಿನಿಮಾ ಕಥೆ ಹೇಳಿದರು. ಟಿ.ವಿ. ಧಾರಾವಾಹಿ ಕಥೆ ಹೇಳಿದರು. ಅದರಲ್ಲಿ ಅವರದೇನೂ ಇರಲಿಲ್ಲ. ಆಗ ಬೇರೆ ಥರ ಕೇಳಿದೆವು. "ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ? ಹೇಳಿ ನೋಡೋಣ."

ಒಬ್ಬ ಗೋಲಿ ಆಡಿದ್ದು ಹೇಳಿದ. ಇನ್ನೊಬ್ಬ ಮೇಕೆ ಹೊಡೆದುಕೊಂಡು ಹೋಗಿದ್ದು ಹೇಳಿದ. ಆಮೇಲೆ ಹತ್ತು ವರ್ಷದ ಒಬ್ಬ ಹುಡುಗಿಯ ಸರದಿ. ಅವಳು ದಿನಾ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬರ್ತಿದ್ದಳು.

"ಬೆಳಗ್ಗೆ ತಮ್ಮನ್ನ ಎತ್ಕೊಂಡೆ. ಮಧ್ಯಾಹ್ನ ತಮ್ಮನ್ನ ಎತ್ಕೊಂಡೆ. ಸಂಜೆನೂ ತಮ್ಮನ್ನ ಎತ್ಕೊಂಡೆ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಒಬ್ಬ ಹುಡುಗ ಕೇಳಿದ, "ಮತ್ತೆ ಸ್ಕೂಲಿಗೆ?"

"ಬರಲಿಲ್ಲ. ಕಾಯಿ ಕೀಳೋದು ಮುಗಿಯೋವರೆಗೆ ಬರಲ್ಲ."

ಯಾರೂ ಮಾತಾಡಲಿಲ್ಲ. ನಮಗೆ ಕಥೆ ಸಿಕ್ಕಿತ್ತು.

ಇದು ಯಾರ ಕಥೆ?

ಇಲ್ಲಿ ನಿಂತು ಯೋಚಿಸಬೇಕು. ಕಥೆ ಸಿಕ್ಕಿತು ಅಂತ ಓಡಬಾರದು. ಅದು ಒಂದು ಮನೆಯ ವಿಷಯ. ನಾಳೆ ಇಡೀ ಊರು ಅದನ್ನು ನೋಡುತ್ತೆ. ಆ ಮಗುವಿಗೆ ನೋವಾಗಬಾರದು. ಆ ಮನೆಯ ಮಾನ ಹೋಗಬಾರದು.

ನಾವು ಎಡವಿದ್ದು ಇಲ್ಲೇ. ಹುಡುಗಿಯನ್ನು ಕೇಳಿದೆವು. ಅವಳು 'ಹೂಂ' ಅಂದಳು. ಅವಳ ತಾಯಿಯನ್ನು ಕೇಳಲಿಲ್ಲ. ಎರಡು ದಿನ ಕಳೆದ ಮೇಲೆ ಆಯಮ್ಮ ಹೊಲದಿಂದ ನೇರ ನಮ್ಮ ಹತ್ತಿರ ಬಂದರು. ಕೈಯಲ್ಲಿ ಇನ್ನೂ ಮಣ್ಣಿತ್ತು.

"ನಮ್ಮನೆ ವಿಷಯ ಊರಿಗೆಲ್ಲ ಸಾರ್ತೀರಾ? ನಾನೇನು ಬೇಕು ಅಂತ ಮಗೀನ ಸ್ಕೂಲ್ ಬಿಡಿಸಿದೀನಾ? ನಾನು ಕೂಲಿಗೆ ಹೋಗದಿದ್ರೆ ಸಂಜೆ ಒಲೆ ಹತ್ತಲ್ಲ. ಕೂಸನ್ನ ಕಾಯಿ ರಾಶಿ ಮೇಲೆ ಮಲಗಿಸಿ ಹೋಗ್ಲಾ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ತಪ್ಪಾಯ್ತು ಅಂತ ಕೇಳಿಕೊಂಡೆವು. ನಾಟಕ ನಿಲ್ಲಿಸ್ತೀವಿ ಅಂದೆವು.

ಮಕ್ಕಳು ಅಲ್ಲೇ ಕೂತು ಕೇಳ್ತಿದ್ದರು. ಅವರ ನಾಟಕದಲ್ಲಿ ಅವ್ವ ಅಂದರೆ ಕೋಲು ಹಿಡಿದ ರಾಕ್ಷಸಿ. ಮಗಳನ್ನು ಹೊಡೆದು ಶಾಲೆ ಬಿಡಿಸ್ತಾಳೆ. ಅವ್ವನ ಪಾತ್ರ ಮಾಡ್ತಿದ್ದ ಹುಡುಗಿ ಎದ್ದು ನಿಂತು ಹೇಳಿದಳು. "ಅತ್ತೆ, ನೀನು ಈಗ ಹೇಳಿದ್ಯಲ್ಲ, ಆ ಮಾತನ್ನೇ ನಾನು ಹೇಳ್ತೀನಿ. ಕೋಲು ಬೇಡ."

ಆಯಮ್ಮ ಸುಮ್ಮನೆ ನಿಂತರು. ಆಮೇಲೆ, "ಹಂಗಾದ್ರೆ ಹೇಳ್ರಿ. ಹೆಸರು ಮಾತ್ರ ಹಾಕಬೇಡ್ರಿ" ಅಂದರು.

ಅಂದಿನಿಂದ ನಾವು ಕೆಲವು ನೇಮ ಇಟ್ಟುಕೊಂಡೆವು. ನೀವೂ ಇಟ್ಟುಕೊಳ್ಳಿ.

ಊರಿನವರ ಹೆಸರು ಬೇಡ. ಅಕ್ಕ, ಅವ್ವ, ಅಪ್ಪ, ಮೇಷ್ಟ್ರು ಅಂದರೆ ಸಾಕು.

ಯಾರ ಕಥೆಯೋ ಅವರೇ ಆ ಪಾತ್ರ ಮಾಡೋದು ಬೇಡ.

ಮಗುವನ್ನೂ ಕೇಳಿ, ಮನೆಯವರನ್ನೂ ಕೇಳಿ. ಬೇಡ ಅಂದರೆ ಬೇಡ.

ಕುಡುಕರನ್ನು, ಕುಂಟರನ್ನು, ತೊದಲು ಮಾತಿನವರನ್ನು ಅಣಕಿಸಿ ನಗಿಸೋದು ಬೇಡ. ಆ ಮನೆಯ ಮಗು ಅಲ್ಲೇ ಕೂತು ನೋಡುತ್ತಿರುತ್ತೆ.

ಪಾತ್ರ ಹಂಚುವಾಗ ಜಾತಿ, ಕೇರಿ ನೋಡಬೇಡಿ. ಕಸ ಗುಡಿಸೋ ಪಾತ್ರ ಒಂದೇ ಕೇರಿಯ ಮಗುವಿಗೆ, ರಾಜನ ಪಾತ್ರ ಗೌಡರ ಮಗನಿಗೆ ಅಂತಾಗಬಾರದು.

ಮೊದಲು ಆಡಿ, ಆಮೇಲೆ ಬರೆಯಿರಿ

ನಾಟಕ ಬರೆಯೋದು ಕಷ್ಟ ಅಂತ ಹೆದರಬೇಡಿ. ಮೊದಲು ಆಡಿಸಿ. "ಈಗ ಬೆಳಗಾಯಿತು. ಅಕ್ಕ ಏನು ಮಾಡ್ತಾಳೆ? ಅವ್ವ ಏನು ಹೇಳ್ತಾಳೆ?" ಅಂತ ಕೇಳಿ. ಮಕ್ಕಳು ತಮಗೆ ತೋಚಿದ್ದು ಹೇಳ್ತಾರೆ. ಮೂರು ಸಲ ಆಡಿಸಿದರೆ ಒಳ್ಳೆಯ ಮಾತು ನಿಲ್ಲುತ್ತೆ. ಜೊಳ್ಳು ತಾನೇ ಹಾರಿ ಹೋಗುತ್ತೆ.

ಹಾಗೆ ನಿಂತ ಮಾತನ್ನು ಬರೆದುಕೊಳ್ಳಿ. ನಮ್ಮಲ್ಲಿ ಬರೆದವರು ಯಾರು ಗೊತ್ತೆ? ಕಲಿಕಾ ಕೇಂದ್ರದಲ್ಲಿ ಅಕ್ಷರ ಕಲಿತ ಇಬ್ಬರು ಅಜ್ಜಿಯರು. ಒತ್ತಕ್ಷರ ತಪ್ಪಿದರೆ ಮಕ್ಕಳೇ ತಿದ್ದಿದರು. ಮಕ್ಕಳು ಮಾತು ಮರೆತರೆ ಅಜ್ಜಿಯರು ಓದಿ ಹೇಳಿದರು.

ಬರೆಯುವ ಕ್ರಮ ಸುಲಭ. ಎಡಗಡೆ ಪಾತ್ರದ ಹೆಸರು. ಪಕ್ಕದಲ್ಲಿ ಎರಡು ಚುಕ್ಕೆ. ಆಮೇಲೆ ಮಾತು. ನಮ್ಮ ನಾಟಕದ ಒಂದು ತುಣುಕು ನೋಡಿ.

(ಶಾಲೆಯ ಗಂಟೆ ಹೊಡೆಯುತ್ತದೆ.)
ಅಕ್ಕ: ಅವ್ವ, ಗಂಟೆ ಹೊಡೀತು.
ಅವ್ವ: ನಂಗೂ ಕೇಳಿಸ್ತು ಕಣವ್ವ.
ಅಕ್ಕ: ಇವತ್ತು ಲೆಕ್ಕದ ಪಾಠ. ಹೋಗ್ಲಾ?
ಅವ್ವ: ಕೂಸನ್ನ ಯಾರು ನೋಡ್ತಾರೆ?
ಅಕ್ಕ: ನೀನು ನೋಡು.
ಅವ್ವ: ಹೊಲಕ್ಕೆ ಯಾರು ಹೋಗ್ತಾರೆ?
(ಕೂಸು ಅಳುತ್ತದೆ. ಇಬ್ಬರೂ ಕೂಸನ್ನು ನೋಡುತ್ತಾರೆ.)

ಕಂಸದೊಳಗೆ ಇರೋದು ಆಡುವ ಮಾತಲ್ಲ, ಮಾಡುವ ಕೆಲಸ. ಮಾತು ಚಿಕ್ಕದಾಗಿರಲಿ. ಒಬ್ಬರೇ ಉದ್ದಕ್ಕೆ ಭಾಷಣ ಮಾಡಿದರೆ ಜನ ಎದ್ದು ಹೋಗ್ತಾರೆ. ಇಡೀ ನಾಟಕ 15ರಿಂದ 20 ನಿಮಿಷ ಇದ್ದರೆ ಸಾಕು.

ಖರ್ಚಿಲ್ಲದ ರಂಗ

ನಮ್ಮ ನಾಟಕಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಟವೆಲ್ಲು ಸುತ್ತಿದರೆ ಕೂಸು. ಗೋಣಿಚೀಲ ಹಾಸಿದರೆ ಹೊಲ. ಎರಡು ಕಲ್ಲಿಟ್ಟರೆ ಒಲೆ. ಇಬ್ಬರು ಹಳೇ ಸೀರೆ ಹಿಡಿದು ನಿಂತರೆ ಪರದೆ. ಕಾಡಿಗೆ ಹಚ್ಚಿದರೆ ಮೇಷ್ಟ್ರ ಮೀಸೆ. ಸ್ಟೀಲ್ ತಟ್ಟೆಗೆ ಸೌಟಿನಿಂದ ಹೊಡೆದರೆ ಶಾಲೆಯ ಗಂಟೆ.

ಆ ಗಂಟೆ ಹೊಡೆಯೋ ಕೆಲಸ ನನಗೇ ಬೇಕು ಅಂತ ಆ ಹುಡುಗಿ ಕೇಳಿದಳು. ಕೊಟ್ಟೆವು.

ಕೆಲವು ಮಾತು ಮಕ್ಕಳಿಗೆ ಮೊದಲೇ ಹೇಳಿ. ಜನರಿಗೆ ಬೆನ್ನು ತೋರಿಸಬೇಡಿ. ಕೊನೆಯಲ್ಲಿ ಕೂತ ಅಜ್ಜನಿಗೂ ಕೇಳುವ ಹಾಗೆ ಮಾತಾಡಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬೇಡಿ. ಮಾತು ಮರೆತರೆ ನಿಲ್ಲಬೇಡಿ, ನಿಮ್ಮದೇ ಮಾತಿನಲ್ಲಿ ಹೇಳಿ. ನಾವು ದೊಡ್ಡವರೂ ಒಂದು ನೇಮ ಪಾಲಿಸಬೇಕು. ತಪ್ಪಿದ ಮಗುವನ್ನು ಎಲ್ಲರೆದುರು ಬೈಯಬಾರದು.

ಕೊನೆ ಹೇಗೆ?

ಕೊನೆಯ ಬಗ್ಗೆ ನಮಗೂ ಮಕ್ಕಳಿಗೂ ಜಗಳವೇ ಆಯಿತು. ಮೇಷ್ಟ್ರು ಬಂದು ಬುದ್ಧಿ ಹೇಳ್ತಾರೆ, ಅವ್ವ ಒಪ್ಪಿಕೊಳ್ತಾಳೆ, ಎಲ್ಲ ಸುಖವಾಗುತ್ತೆ ಅಂತ ನಾವಂದೆವು. ಒಬ್ಬ ಹುಡುಗ ತಟ್ಟನೆ ಕೇಳಿದ, "ಅವ್ವ ಒಪ್ಪಿಕೊಂಡ್ರೆ ಕೂಸನ್ನ ಮೇಷ್ಟ್ರು ನೋಡ್ಕೋತಾರಾ?"

ಅವನ ಮಾತು ಸರಿ. ಆ ಪ್ರಶ್ನೆಗೆ ನಾಟಕದೊಳಗೆ ಉತ್ತರ ಇರಲಿಲ್ಲ. ಉತ್ತರ ಊರಿನಲ್ಲಿ ಹುಡುಕಬೇಕಿತ್ತು. ಅದಕ್ಕೇ ಮಕ್ಕಳು ಕೊನೆ ಹಾಕಲಿಲ್ಲ. ಕೂಸನ್ನು ನಡುವೆ ಮಲಗಿಸಿ, ಎಲ್ಲರೂ ಜನರ ಕಡೆ ತಿರುಗಿ ಕೇಳೋದು ಅಂತ ತೀರ್ಮಾನ ಮಾಡಿದರು.

ಆಡಿದ ರಾತ್ರಿ

ಅರಳೀಕಟ್ಟೆ ಮುಂದೆ ಬೀದಿ ದೀಪದ ಕೆಳಗೆ ನಾಟಕ ಆಯಿತು. ಕೆಲಸ ಮುಗಿಸಿ, ಉಂಡು ಜನ ಬಂದರು. ಮೀಸೆ ಕಳಚಿದ ಮೇಷ್ಟ್ರನ್ನು ನೋಡಿ ನಕ್ಕರು. ಗಂಟೆ ಜೋರಾಗೇ ಹೊಡೆಯಿತು. ಅವ್ವ ತನ್ನ ಮಾತು ಹೇಳುವಾಗ ಹೆಂಗಸರ ಕಡೆ ಸದ್ದೇ ಇರಲಿಲ್ಲ.

ಕೊನೆಗೆ ಮಕ್ಕಳು ಸಾಲಾಗಿ ನಿಂತು ಕೇಳಿದರು. "ಗಂಟೆ ಹೊಡೀತು. ಕೂಸನ್ನ ಯಾರು ನೋಡ್ಕೋತೀರಿ?"

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಅಜ್ಜಿ, "ಹಗಲೆಲ್ಲ ನಾನು ಮನೇಲಿ ಸುಮ್ನೆ ಕೂತಿರ್ತೀನಿ. ತಂದು ಬಿಡ್ರಿ" ಅಂದರು. ಇನ್ನೊಬ್ಬರು, "ನಾನೂ ಬರ್ತೀನಿ" ಅಂದರು. ಒಬ್ಬ ಗಂಡಸು, "ಪಂಚಾಯ್ತಿಯೋರು ಏನು ಮಾಡ್ತಾರೆ?" ಅಂತ ಕೇಳಿದರು. ಆಗ ನಮಗೆ ಗೊತ್ತಿದ್ದನ್ನು ಹೇಳಿದೆವು.

6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಈ ಕಾಯ್ದೆ 2009ರಲ್ಲಿ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳಲು ಸರ್ಕಾರ 'ಕೂಸಿನ ಮನೆ' ಯೋಜನೆ ತಂದಿದೆ. 2023ರ ನಂತರ ಅನೇಕ ಗ್ರಾಮ ಪಂಚಾಯ್ತಿಗಳಲ್ಲಿ ಇದನ್ನು ತೆರೆದಿದ್ದಾರೆ. ನಮ್ಮಲ್ಲಿ ಇಲ್ಲದಿದ್ದರೆ ಗ್ರಾಮ ಸಭೆಯಲ್ಲಿ ಕೇಳಬಹುದು. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಎದ್ದು ಕೇಳಬಹುದು.

ಒಂದು ನಾಟಕದಿಂದ ಊರೇ ಬದಲಾಯಿತು ಅಂತ ನಾವು ಹೇಳಲ್ಲ. ಅಜ್ಜಿಯರಿಬ್ಬರು ಆ ಹಂಗಾಮು ಮುಗಿಯುವವರೆಗೆ ಐದು ಕೂಸುಗಳನ್ನು ನೋಡಿಕೊಂಡರು. ಆ ಹುಡುಗಿ ಮರುವಾರ ಶಾಲೆಗೆ ಹೋದಳು. ತಪ್ಪಿದ ಲೆಕ್ಕದ ಪಾಠವನ್ನು ಗೆಳತಿಯರು ಹೇಳಿಕೊಟ್ಟರು. ಕೂಸಿನ ಮನೆಗೆ ಅರ್ಜಿ ಕೊಟ್ಟಿದ್ದೇವೆ. ಅರ್ಜಿ ಬರೆದವರು ನಾಟಕ ಬರೆದ ಅಜ್ಜಿಯರೇ. ಕೂಸಿನ ಮನೆ ಇನ್ನೂ ಬಂದಿಲ್ಲ. ಕೇಳೋದನ್ನು ನಾವು ಬಿಟ್ಟಿಲ್ಲ.

ಮಕ್ಕಳು ಈಗ ಇನ್ನೊಂದು ನಾಟಕ ಕಟ್ತಿದ್ದಾರೆ. ಏನು ಕಥೆ ಅಂತ ನಮಗೆ ಹೇಳ್ತಿಲ್ಲ. ತಟ್ಟೆ, ಸೌಟು ಮಾತ್ರ ಕೇಳಿ ತಗೊಂಡು ಹೋಗಿದ್ದಾರೆ.

ನೀವೂ ಮಾಡಿ ನೋಡಿ

1. ನಿಮ್ಮೂರಿನಲ್ಲಿ ಶಾಲೆ ತಪ್ಪಿಸುವ ಮಕ್ಕಳು ಇದ್ದಾರೆಯೆ? ಯಾವ ಕಾಲದಲ್ಲಿ ಹೆಚ್ಚು ತಪ್ಪಿಸುತ್ತಾರೆ? ಯಾಕೆ?
2. ನಿಮ್ಮ ಮನೆಯ ಮಗುವನ್ನು ಕೇಳಿ: "ನಿನ್ನೆ ಏನೇನು ಮಾಡಿದೆ?" ಅದು ಹೇಳಿದ್ದನ್ನು ಐದು ಸಾಲಿನಲ್ಲಿ ಬರೆಯಿರಿ.
3. ಮೇಲಿನ ನಾಟಕದ ತುಣುಕನ್ನು ಇಬ್ಬರು ಜೋರಾಗಿ ಓದಿ. ಮುಂದೆ ಅಕ್ಕ ಏನು ಹೇಳಬಹುದು? ಅವ್ವ ಏನು ಹೇಳಬಹುದು? ನೀವೇ ಬರೆಯಿರಿ.