ಹಳೆಯ ಗಿಟಾರ್ ಆಂಪ್ಲಿಫೈಯರಿನ ದುರಸ್ತಿ: ಯಾವುದನ್ನು ಬದಲಿಸಬೇಕು, ಯಾವುದನ್ನು ಉಳಿಸಬೇಕು

ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಪಟ್ಟಣದಲ್ಲಿ 1938ರಲ್ಲಿ ರೇಡಿಯೊ ದುರಸ್ತಿಯ ಅಂಗಡಿ ತೆರೆದಿದ್ದ ಲಿಯೊ ಫೆಂಡರ್ ಮುಂದೆ ಗಿಟಾರ್ ಆಂಪ್ಲಿಫೈಯರುಗಳ ತಯಾರಿಕೆಗೆ ತೊಡಗಿದಾಗ, ಕೆಟ್ಟರೆ ಸುಲಭವಾಗಿ ಬಿಚ್ಚಿ ಸರಿಪಡಿಸಬಲ್ಲಂತೆ ಅವುಗಳನ್ನು ರೂಪಿಸಿದ್ದು ಆ ಅಂಗಡಿಯ ಅನುಭವದ ಫಲವೆಂದೇ ಹೇಳಬೇಕು. 1950ರ ದಶಕದ ಕೊನೆಯ ‘ಚಾಂಪ್’ ಮಾದರಿ ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು 5 ವಾಟ್ ಶಕ್ತಿಯ ಈ ಪೆಟ್ಟಿಗೆಯಲ್ಲಿ ಮೂರೇ ವಾಲ್ವುಗಳಿವೆ: ಗಿಟಾರಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ 12ಎಎಕ್ಸ್7, ಸ್ಪೀಕರನ್ನು ನುಡಿಸುವ ಬಲ ಕೊಡುವ 6ವಿ6, ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುವ 5ವೈ3.

ಇದನ್ನು ಮನೆಯಲ್ಲಿ ತೆರೆಯುವವರು ಮೊದಲು ತಿಳಿಯಬೇಕಾದುದು ಅಪಾಯವನ್ನು. ವಿದ್ಯುತ್ತನ್ನು ಕೂಡಿಟ್ಟು ಅದರ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೆ ಮೀರಿದ, ಪ್ರಾಣ ತೆಗೆಯಬಲ್ಲ ಒತ್ತಡವನ್ನು ಹಿಡಿದಿಟ್ಟಿರಬಹುದಾದ್ದರಿಂದ, ಅದನ್ನು ಒಂದು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಲ್ಲಿ ಶೂನ್ಯ ಕಂಡ ಬಳಿಕವೇ ಕೈ ಹಾಕತಕ್ಕದ್ದು. ಅಂದಿನ ಎಷ್ಟೋ ಅಮೆರಿಕನ್ ಆಂಪ್ಲಿಫೈಯರುಗಳಲ್ಲಿ ಎರಡೇ ಕಡ್ಡಿಯ ಪ್ಲಗ್ಗೂ, ವಿದ್ಯುತ್ ತಂತಿಯಿಂದ ಲೋಹದ ಚಾಸಿಗೆ ಜೋಡಿಸಿದ ಒಂದು ಕೆಪಾಸಿಟರೂ ಇರುತ್ತವೆ; ಈ ಕೆಪಾಸಿಟರ್ ಒಳಗೇ ಶಾರ್ಟ್ ಆದರೆ ಚಾಸಿಯಷ್ಟೇ ಅಲ್ಲ, ನುಡಿಸುವವರ ಕೈಯಲ್ಲಿರುವ ಗಿಟಾರಿನ ತಂತಿಗಳೂ ಶಾಕ್ ಹೊಡೆಯುತ್ತವೆ. ಅದನ್ನು ತೆಗೆದುಹಾಕಿ, ಮೂರು ಪಿನ್ನಿನ ಪ್ಲಗ್ ಅಳವಡಿಸಿ, ಅರ್ತ್ ತಂತಿಯನ್ನು ಚಾಸಿಗೆ ಭದ್ರವಾಗಿ ಬಿಗಿಯುವುದು ಎಲ್ಲಕ್ಕಿಂತ ಮೊದಲಿನ ಕೆಲಸ. ಭಾರತದ 230 ವೋಲ್ಟಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು; ಜೊತೆಗೆ ನಮ್ಮ ರೇಡಿಯೊ ಮೆಕ್ಯಾನಿಕರ ಹಳೆಯ ಒಡನಾಡಿಯಾದ ಸೀರೀಸ್ ಬಲ್ಬ್ ಇದ್ದರೆ, ಒಳಗೆ ಶಾರ್ಟ್ ಇದ್ದಾಗ ಬಲ್ಬು ಪ್ರಖರವಾಗಿ ಉರಿದು ಯಂತ್ರವನ್ನು ಕಾಪಾಡುತ್ತದೆ.

ದೋಷಗಳಲ್ಲಿ ತೀರ ಸಾಮಾನ್ಯವಾದುದು ಗುಂಯ್‌ಗುಡುವಿಕೆ. ವಾಲ್ಯೂಮನ್ನು ಪೂರ್ತಿ ತಗ್ಗಿಸಿದಾಗಲೂ ಅದು ನಿಲ್ಲದಿದ್ದರೆ ದೋಷವು ವಾಲ್ಯೂಮ್ ಕಂಟ್ರೋಲಿನ ಮುಂದಿನ ಹಂತಗಳಲ್ಲೋ ವಿದ್ಯುತ್ ಪೂರೈಕೆಯಲ್ಲೋ ಇದೆಯೆಂದು ತಿಳಿಯಬಹುದು. ಸದ್ದಿನ ಸ್ಥಾಯಿಯೂ ಸುಳಿವು ಕೊಡುತ್ತದೆ: ಭಾರತದಲ್ಲಿ 100 ಹರ್ಟ್ಸ್ ಕೇಳಿಸಿದರೆ ಒಳಗಿನ ದ್ರವ ಒಣಗಿದ ಫಿಲ್ಟರ್ ಕೆಪಾಸಿಟರುಗಳ ಮೇಲೂ, 50 ಹರ್ಟ್ಸ್ ಕೇಳಿಸಿದರೆ ವಾಲ್ವುಗಳನ್ನು ಕಾಯಿಸುವ ಹೀಟರ್ ಮಂಡಲದ ಮೇಲೂ ಸಂಶಯ ಪಡಬೇಕು.

6ವಿ6ರ ಒಳಗಿನ ಲೋಹದ ತಗಡು ಕೆಂಪಗೆ ಕಾದರೆ ತಕ್ಷಣ ಸ್ವಿಚ್ ಆರಿಸಬೇಕು. ಹಿಂದಿನ ಹಂತದ ನೇರ ವಿದ್ಯುತ್ತನ್ನು ತಡೆದು ಸಂಕೇತವನ್ನಷ್ಟೇ ದಾಟಿಸಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಹಳತೆಂಬ ಒಂದೇ ಕಾರಣಕ್ಕೆ ಎಲ್ಲ ಬಿಡಿಭಾಗಗಳನ್ನೂ ಕಿತ್ತು ಹೊಸತು ಹಾಕುವ ರೂಢಿ ಒಪ್ಪತಕ್ಕದ್ದಲ್ಲ, ಏಕೆಂದರೆ ಒಣಗಿದ ಕೆಪಾಸಿಟರುಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಬಹುಪಾಲು ಇನ್ನೂ ಗಟ್ಟಿಯಾಗಿರುವುದುಂಟು. ಅಳೆದು ನೋಡುವುದೇ ಸರಿಯಾದ ದಾರಿ. 6ವಿ6ರ ಕ್ಯಾಥೋಡಿಗೆ ಜೋಡಿಸಿದ 470 ಓಮ್ ರೆಸಿಸ್ಟರಿನ ಮೇಲೆ, ಕಂಪನಿಯ ನಕ್ಷೆ ಹೇಳುವಂತೆ, 19 ವೋಲ್ಟ್ ಸಿಗಬೇಕು, ಎಂದರೆ ಸುಮಾರು 40 ಮಿಲಿಆಂಪಿಯರ್ ಹರಿಯುತ್ತಿರಬೇಕು. ಆದರೆ ಅದೇ ನಕ್ಷೆಯು ಶೇ 20ರಷ್ಟು ಏರುಪೇರಿಗೆ ಅವಕಾಶ ಕೊಟ್ಟಿರುವುದರಿಂದ, ಮೀಟರು 17 ಅಥವಾ 21 ತೋರಿಸಿತೆಂದು ಬೆಸುಗೆ ಕಡ್ಡಿ ಕಾಯಿಸಬೇಕಾಗಿಲ್ಲ.