ವಿಶೇಷ ಶಿಕ್ಷಣಕ್ಕೆ ಮೊದಲ ಪಠ್ಯಪುಸ್ತಕ: ಆಯ್ಕೆ ಹೇಗೆ?

ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನದಲ್ಲಿ ಶುಲ್ಕದ ಜೊತೆಗೆ ಪುಸ್ತಕದ ಖರ್ಚೂ ಸೇರಿದೆ. ವಿಶೇಷ ಶಿಕ್ಷಣದ ಡಿ.ಎಡ್., ಬಿ.ಎಡ್. ಕೋರ್ಸುಗಳಿಗೆ ಸೇರುವವರ ಮನೆಯವರು ‘ಮೊದಲು ಯಾವ ಪುಸ್ತಕ ಕೊಳ್ಳಬೇಕು?’ ಎಂದು ನಮ್ಮನ್ನು ಕೇಳುವುದುಂಟು.

ಈ ಸಾಲಿನ ಫಲಾನುಭವಿಯೊಬ್ಬರು ಹಳೆಯ ಪುಸ್ತಕದಂಗಡಿಯಿಂದ ಅಗ್ಗದ ಬೆಲೆಗೆ ಒಂದು ಪುಸ್ತಕ ತಂದಿದ್ದರು. ಅದರಲ್ಲಿ ಅಂಗವೈಕಲ್ಯಗಳು ಏಳೇ ಇದ್ದವು. ಅದು 1995ರ ಕಾಯ್ದೆಯ ಪಟ್ಟಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಹೊಸದಾಗಿ ಸೇರಿದವು.

ಈ ಕೊರತೆಯ ಹೊರೆ ಬೀಳುವುದು ಮಗುವಿನ ಮೇಲೆ. ಮಾತಿನಲ್ಲಿ ಚುರುಕಾಗಿದ್ದೂ ಅಕ್ಷರ ಕೂಡಿಸಿ ಓದಲಾಗದ ಮಗುವನ್ನು ಕಲಿಕಾ ನ್ಯೂನತೆಯ ಅರಿವಿಲ್ಲದ ಶಿಕ್ಷಕರು ಸೋಮಾರಿ ಎಂದುಬಿಡುತ್ತಾರೆ. ಬೈಗುಳ ಕೇಳಿ ಕೇಳಿ ಮಗು ಶಾಲೆಯನ್ನೇ ಬಿಡಬಹುದು.

ಆದ್ದರಿಂದ ಕೊಳ್ಳುವ ಮೊದಲು ನಾಲ್ಕು ವಿಷಯ ನೋಡಿ:

1. ಪುಸ್ತಕ 2016ರ ಕಾಯ್ದೆಯನ್ನು ಅನುಸರಿಸಿದೆಯೇ? ‘ಬುದ್ಧಿಮಾಂದ್ಯ’ ಎಂಬ ಹಳೆಯ ಪದದ ಬದಲು ‘ಬೌದ್ಧಿಕ ವಿಕಲತೆ’ ಎಂದು ಬಳಸಿದೆಯೇ?

2. ಯಾವ ದೇಶದ ವ್ಯವಸ್ಥೆಯನ್ನು ಆಧರಿಸಿದೆ? ಅಮೆರಿಕದ ಪುಸ್ತಕಗಳು ಅಲ್ಲಿನ ಕಾಯ್ದೆಯ 13 ವರ್ಗಗಳ ಮೇಲೆ ನಿಂತಿವೆ. ಬೋಧನಾ ಕ್ರಮ ತಿಳಿಯಲು ಅವು ಒಳ್ಳೆಯವು, ಆದರೆ ಗ್ರಂಥಾಲಯದಲ್ಲಿ ಓದಿದರೆ ಸಾಕು.

3. ಎಲ್ಲ ಬಗೆಗಳ ಪರಿಚಯವಿದೆಯೇ? ಶ್ರವಣದೋಷ ವಿಭಾಗ ಆರಿಸಿಕೊಂಡವರ ತರಗತಿಗೂ ನಾಳೆ ಆಟಿಸಂ ಇರುವ ಮಗು ಬರಬಹುದು.

4. ಭಾಷೆ ಅರ್ಥವಾಗುತ್ತದೆಯೇ? ಕಲಿಕಾ ನ್ಯೂನತೆಯ ಅಧ್ಯಾಯದ ಎರಡು ಪುಟ ಓದಿ, ಮನೆಯಲ್ಲಿ ಉರ್ದು, ಬ್ಯಾರಿ ಅಥವಾ ಕನ್ನಡದಲ್ಲಿ ವಿವರಿಸಿ ನೋಡಿ. ತಾಯಿಗೆ ತಿಳಿದರೆ ಪುಸ್ತಕ ನಿಮಗೆ ತಕ್ಕುದು.

ಪುಸ್ತಕಕ್ಕಿಂತ ಮೊದಲು ಕೋರ್ಸನ್ನೇ ಪರೀಕ್ಷಿಸಿ. 1992ರ ಕಾಯ್ದೆಯ ಪ್ರಕಾರ ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಪರಿಷತ್ತಿನ ಮಾನ್ಯತೆ ಇಲ್ಲದ ಕೋರ್ಸು ಮುಗಿಸಿದರೆ ನೋಂದಣಿ ಸಿಗದು. ಹಣವೂ ವರ್ಷವೂ ವ್ಯರ್ಥ. ಮಾನ್ಯತೆ ಇರುವ ಕಾಲೇಜಿನಲ್ಲಿ ಪರಿಷತ್ತಿನ ಪಠ್ಯಕ್ರಮ ಸಿಗುತ್ತದೆ. ಅದನ್ನು ಪುಸ್ತಕದ ಪರಿವಿಡಿಯ ಪಕ್ಕ ಇಟ್ಟು ಹೋಲಿಸಿ.

ಅರ್ಜಿಯೊಂದಿಗೆ ಪ್ರವೇಶ ಪತ್ರ, ಕಾಲೇಜಿನ ಮಾನ್ಯತೆಯ ಪ್ರತಿ ಹಾಗೂ ಉಪನ್ಯಾಸಕರು ಸೂಚಿಸಿದ ಪುಸ್ತಕಗಳ ಪಟ್ಟಿ ಲಗತ್ತಿಸಬೇಕು. ಕೋರ್ಸು ಮುಗಿಸಿದವರು ಪುಸ್ತಕಗಳನ್ನು ನಮಗೆ ಮರಳಿಸಿದರೆ ಮುಂದಿನವರಿಗೆ ಕೊಡುತ್ತೇವೆ. ಕಾಯ್ದೆ, ಪಠ್ಯಕ್ರಮ ಬದಲಾಗಿದ್ದರೆ ಮಾತ್ರ ಹೊಸದನ್ನು ಕೊಳ್ಳುತ್ತೇವೆ. ದಾನಿಗಳು ನಂಬಿ ಒಪ್ಪಿಸಿದ ಪ್ರತಿ ರೂಪಾಯಿಗೂ ನಾವು ಉತ್ತರ ಹೇಳಬೇಕಾದವರು. ಆ ಹಣದಿಂದ ಕಲಿತ ಶಿಕ್ಷಕರು ಒಂದು ಮಗುವನ್ನು ಶಾಲೆಯಲ್ಲಿ ಉಳಿಸಿಕೊಂಡರೆ ನಿಮ್ಮ ದಾನ ಸಾರ್ಥಕ.