ದಟ್ಟಣೆಯ ನಿವಾರಣೆಗೆ ಮೊದಲ ವೆಚ್ಚ ಯಾವುದು?

ಬೆಂಗಳೂರಿನ ಬೀದಿಗಳಲ್ಲಿ ವಾಹನಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚೆಂಬುದು ಅಲ್ಲಿಯ ಮಹಾಜನರಿಗೆ ಯಾರೂ ತಿಳಿಯಪಡಿಸಬೇಕಾದ ಸಂಗತಿಯಲ್ಲ. ಇದರ ಪರಿಹಾರಾರ್ಥವಾಗಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ವೃತ್ತದವರೆಗೆ ನೆಲದಡಿಯಲ್ಲಿ ಸುರಂಗಮಾರ್ಗವನ್ನು ಕೊರೆಯುವ ಯೋಜನೆಗೆ ೨೦೨೪ರಲ್ಲಿ ರಾಜ್ಯದ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು. ಆಗಿನ ಅಂದಾಜೇ ೧೨,೦೦೦ ಕೋಟಿ ರೂಪಾಯಿಗಳನ್ನು ಮೀರಿತ್ತು. ಇಷ್ಟು ದ್ರವ್ಯವನ್ನು ಭೂಮಿಯೊಳಗೆ ಇಳಿಸುವುದಕ್ಕೆ ಮುಂಚೆ, ಅದರ ಸಾವಿರದಲ್ಲೊಂದು ಪಾಲನ್ನಾದರೂ ದಟ್ಟಣೆಯ ಮೂಲವನ್ನು ಪ್ರಯೋಗಮುಖದಿಂದ ಅರಿಯುವುದಕ್ಕೆ ವಿನಿಯೋಗಿಸಬಾರದೆ ಎಂಬುದು ನಮ್ಮ ಪ್ರಶ್ನೆ.

ಹೀಗೆ ಕೇಳುವುದಕ್ಕೆ ವಿಶೇಷ ಕಾರಣವುಂಟು. ಅಂಥ ಪ್ರಯೋಗವೊಂದು ಇದೇ ಬೆಂಗಳೂರಿನಲ್ಲಿ ನಡೆದಿದೆ. ೨೦೦೮ರ ಅಕ್ಟೋಬರಿನಿಂದ ಆರು ತಿಂಗಳ ಕಾಲ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಬಾಲಾಜಿ ಪ್ರಭಾಕರರೂ ಅವರ ಸಂಗಡಿಗರೂ ಇನ್ಫೋಸಿಸ್ ಕಂಪೆನಿಯೊಡನೆ ಸೇರಿ, ಸುಮಾರು ೧೪,೦೦೦ ನೌಕರರ ವಿಷಯದಲ್ಲಿ ಅದನ್ನು ನಡೆಸಿದರು. ಉಪಾಯವು ಬಹು ಸರಳ. ಬೆಳಿಗ್ಗೆ ಎಂಟೂವರೆಗೆ ಮೊದಲು ಕಚೇರಿಯನ್ನು ತಲಪಿದವನಿಗೆ ಅಂಕ. ಎಂಟಕ್ಕೆ ಮೊದಲೇ ಬಂದವನಿಗೆ ಇನ್ನೂ ಹೆಚ್ಚು ಅಂಕ. ವಾರಕ್ಕೊಮ್ಮೆ ಅಂಕ ಗಳಿಸಿದವರ ನಡುವೆ ಚೀಟಿಯೆತ್ತಿ ೫೦೦ ರೂಪಾಯಿಗಳಿಂದ ೧೨,೦೦೦ ರೂಪಾಯಿಗಳವರೆಗೆ ಬಹುಮಾನ. ದಂಡವಿಲ್ಲ, ಸುಂಕವಿಲ್ಲ, ಒಂದು ಗಾಡಿ ಜಲ್ಲಿಯನ್ನೂ ಸುರಿಯಲಿಲ್ಲ. ಹೊತ್ತಿಗೆ ಮುಂಚೆ ಹೊರಡುವವರ ಸಂಖ್ಯೆ ಸರಿಸುಮಾರು ಇಮ್ಮಡಿಯಾಯಿತು. ಕಂಪೆನಿಯ ಬಸ್ಸುಗಳಲ್ಲಿ ಬರುವವರ ಬೆಳಗಿನ ಪ್ರಯಾಣವು ಸರಾಸರಿ ೭೧ ನಿಮಿಷಗಳಿಂದ ೫೪ ನಿಮಿಷಗಳಿಗೆ ಇಳಿಯಿತು.

ಇಷ್ಟು ಸ್ವಲ್ಪ ಬದಲಾವಣೆಯಿಂದ ಇಷ್ಟು ಫಲವೆ ಎಂದು ವಾಚಕರು ಸಂದೇಹಪಡಬಹುದು. ಕೆರೆಯ ತೂಬನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿರಲಾರದು. ತೂಬು ಹೊರಬಿಡುವುದಕ್ಕಿಂತ ಒಳಹರಿವು ತುಸುವೇ ಹೆಚ್ಚಾದರೂ ಗಳಿಗೆಗಳಿಗೆಗೂ ನೀರು ಏರುತ್ತಲೇ ಹೋಗುವುದು; ಅಷ್ಟನ್ನೇ ತಗ್ಗಿಸಿದರೆ ಏರುವುದು ನಿಲ್ಲುವುದು. ರಸ್ತೆಯ ಗತಿಯೂ ಹಾಗೆಯೇ. ಎಲ್ಲ ವಾಹನಗಳೂ ಮಾಯವಾಗಬೇಕಿಲ್ಲ, ಒಂಬತ್ತು ಗಂಟೆಯ ನೂಕುನುಗ್ಗಲಿನಿಂದ ಕೆಲವು ತೊಲಗಿದರೆ ಸಾಕು. ಆದರೆ ಆ ಕೆಲವು ಎಷ್ಟು, ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನು ಎಣಿಸಿ, ಅಳೆದು ತಿಳಿಯಬೇಕೇ ಹೊರತು ಊಹೆಯಿಂದ ತಿಳಿಯಲು ಬಾರದು.

ಮುಂದೇನಾಯಿತು? ಅಮೆರಿಕದ ಕೇಂದ್ರ ಸರಕಾರದ ಸಾರಿಗೆ ಇಲಾಖೆಯು ಇದೇ ಸಂಶೋಧಕರಿಗೆ ೩೦ ಲಕ್ಷ ಡಾಲರುಗಳ ಸಹಾಯಧನವನ್ನಿತ್ತು, ಸ್ಟ್ಯಾನ್‌ಫರ್ಡಿನಲ್ಲಿ ೨೦೧೨ರಿಂದ ಅದನ್ನು ಮುಂದುವರಿಸಿತು. ಅದೇ ವರ್ಷ ಸಿಂಗಪುರವು ತನ್ನ ರೈಲುಗಳ ದಟ್ಟಣೆಗೆ ಅದೇ ಉಪಾಯವನ್ನು ಅಳವಡಿಸಿಕೊಂಡಿತು. ನಮ್ಮಲ್ಲಿಯಾದರೋ, ೨೦೧೦ರ ಜನವರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು ಹತ್ತು ಕಿಲೋಮೀಟರುಗಳ ಎತ್ತರದ ರಸ್ತೆ ತೆರೆಯಿತು. ಆ ರಸ್ತೆ ಬೇಡವಾಗಿತ್ತೆಂದು ನಾವು ಹೇಳೆವು. ಆದರೆ ಅದರ ಮೂಲಕ ಹೋಗುವವರು ಹಾಯಲೇಬೇಕಾದ ಸಿಲ್ಕ್ ಬೋರ್ಡ್ ವೃತ್ತದ ಹೆಸರು ಆಮೇಲೆ ದಟ್ಟಣೆಗೆ ಪರ್ಯಾಯಪದವೇ ಆಗಿಹೋಯಿತು. ಈಗಿನ ಸುರಂಗದ ಒಂದು ಬಾಯಿಯೂ ಅಲ್ಲಿಯೇ ತೆರೆಯತಕ್ಕದ್ದು!

ಪ್ರಯೋಗವೆಂದರೆ ಕಾಲಹರಣ, ಜನರು ಒಪ್ಪಲಾರರು ಎಂದು ಅಧಿಕಾರಿವರ್ಗದವರು ಹೇಳುವುದುಂಟು. ಕಪಾಟಿನಲ್ಲಿ ಧೂಳು ಹಿಡಿದ ವರದಿಗಳನ್ನು ಕಂಡವರಿಗೆ ಈ ಬೇಸರವು ಸಹಜವೇ. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿಯೂ, ಪೇಟೆಯೊಳಗೆ ಬರುವ ಕಾರುಗಳಿಗೆ ಸುಂಕ ಹಾಕುವ ಮಾತೆತ್ತಿದಾಗ ಬಹುಮಂದಿ ವಿರೋಧಿಸಿದರು. ಅಲ್ಲಿಯ ಸರಕಾರವು ವಾದಕ್ಕೆ ನಿಲ್ಲದೆ, ಮೊದಲು ಬಸ್ಸುಗಳನ್ನು ಹೆಚ್ಚಿಸಿ, ಅನಂತರ ೨೦೦೬ರ ಜನವರಿಯಿಂದ ಜುಲೈವರೆಗೆ ತನ್ನ ಖರ್ಚಿನಲ್ಲಿಯೇ ಪ್ರಯೋಗ ನಡೆಸಿತು. ಸುಂಕದ ಗಡಿಯನ್ನು ದಾಟುವ ವಾಹನಗಳು ಐದರಲ್ಲೊಂದು ಪಾಲಿನಷ್ಟು ಇಳಿದುವು. ಬಳಿಕ ನಗರದ ಜನರ ಮತ ಕೇಳಿದಾಗ ಬಹುಮತವು ಸುಂಕದ ಕಡೆಗೇ ಬಿದ್ದು, ೨೦೦೭ರಲ್ಲಿ ಅದು ಸ್ಥಿರವಾಯಿತು.

ಒಂದು ಕಂಪೆನಿಯಲ್ಲಿ ಸಫಲವಾದುದು ಊರಿಗೆಲ್ಲ ಸಲ್ಲುವುದೆಂದು ಹೇಳಲಾಗದು, ನಿಜ. ತಿಂಗಳ ಸಂಬಳದ ಗುಮಾಸ್ತನು ಒಂದು ಗಂಟೆ ಮುಂಚೆ ಹೊರಡಬಲ್ಲನು. ಬೊಮ್ಮನಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಗಳಿಗೆ ಪಾಳಿಯ ಹೊತ್ತನ್ನು ಬದಲಿಸುವ ಸ್ವಾತಂತ್ರ್ಯವೆಲ್ಲಿದೆ? ಮನೆಯಲ್ಲಿ ಅಡಿಗೆ ಮಾಡಿಟ್ಟು, ಮಕ್ಕಳನ್ನು ಶಾಲೆಗೆ ಕಳಿಸಿ ಬರುವವಳಿಗೆ ಬಹುಮಾನದ ಚೀಟಿಯಿಂದಾಗುವ ಪ್ರಯೋಜನವೇನು? ಅವಳಿಗೆ ಬೇಕಾದುದು ಬಸ್ಸಿಗೆ ಪ್ರತ್ಯೇಕವಾದ ಪಥವೋ, ಇನ್ನೂ ಹತ್ತು ಬಸ್ಸುಗಳೋ, ಕಾರ್ಖಾನೆಗಳ ವೇಳೆಯ ಪರಸ್ಪರ ಹೊಂದಾಣಿಕೆಯೋ? ಲಾಭಕ್ಕಾಗಿ ಇರತಕ್ಕ ಯಾವ ಕಂಪೆನಿಯೂ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹಣ ಹೂಡಲಾರದು. ಸರಕಾರವೇ ಹೂಡಬೇಕು. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಗರಸಾರಿಗೆಯ ಅಧ್ಯಯನಕ್ಕೆಂದೇ ಒಂದು ಕೇಂದ್ರವಿದೆ. ಅದಕ್ಕೆ ಪ್ರಯೋಗ ನಡೆಸಲು ಒಂದು ರಸ್ತೆಯನ್ನೂ ಒಂದು ವರ್ಷದ ಅವಧಿಯನ್ನೂ ಅದಕ್ಕೆ ತಕ್ಕ ಹಣವನ್ನೂ ಒಪ್ಪಿಸಿ, ಬಂದ ಲೆಕ್ಕವನ್ನು ಅನುಕೂಲವೋ ಪ್ರತಿಕೂಲವೋ ಇದ್ದಂತೆಯೇ ಮಹಾಜನರೆದುರು ಪ್ರಕಟಿಸುವ ಆಜ್ಞೆಯನ್ನು ಸುರಂಗದ ಮೊದಲ ಹಾರೆ ಬೀಳುವುದಕ್ಕೆ ಮುಂಚೆ ಹೊರಡಿಸತಕ್ಕದ್ದು.